ಜೀರಿಗೆ ನೀರು, ಒಂದು ಪೌಂಡು ಧಾನ್ಯ ಮತ್ತು ನಮ್ಮವ್ವನ ಮುದ್ದೆ

ಸ್ವಲ್ಪ ಉದ್ದದ ಬರಹ. ಪುರುಸೊತ್ತು ಮಾಡ್ಕೊಂಡು ಓದಿ, ಆಮೇಲೆ ಬೈಯೋದಿದ್ರೆ ಬೈಯಿರಿ.

ಹೋದ ತಿಂಗಳು ಕಚೇರಿಯಲ್ಲಿ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದೆ. ಮುದ್ದೆ, ಉಪ್ಸಾರು, ಒಂದಷ್ಟು ಬೇಯಿಸಿದ ಹುರುಳಿಕಾಳು. ಪಕ್ಕದ ಸೆಕ್ಷನ್ನಿನ ಮೇಡಂ ಒಬ್ಬರು ಬಗ್ಗಿ ನೋಡಿ, "ನೀವೇ ಪುಣ್ಯವಂತ್ರು ಬಿಡಿ. ರಾಗಿ, ಹುರುಳಿ ತಿಂದ್ರೆ ಮೆಟಬಾಲಿಸಂ ಜಾಸ್ತಿ ಆಗುತ್ತಂತೆ. ಅದಕ್ಕೇ ನಿಮ್ಮ ಕಡೆ ಹಳೇ ಹೆಂಗಸರು ಯಾರೂ ದಪ್ಪ ಇರ್ತಿರಲಿಲ್ಲ" ಅಂದ್ರು.

'ನಿಮ್ಮ ಕಡೆ' ಅಂದ್ರೆ ಯಾವ ಕಡೆ ಅಂತ ನಾನು ಕೇಳಲಿಲ್ಲ. ಇಪ್ಪತ್ತು ವರ್ಷ ಸರ್ವೀಸಾಯ್ತು, ಆ ಪದದ ಅರ್ಥ ಗೊತ್ತಿದೆ. ಆ ಮೇಡಂ ಕೆಟ್ಟವರಲ್ಲ, ಹೊಗಳೋದಕ್ಕೇ ಹೇಳಿದ್ದು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದೇ ಡಬ್ಬಿ ನೋಡಿ ಮೂಗು ಮುರಿದವರಿದ್ರು. ಹುರುಳಿ ಕಟ್ಟಿನ ವಾಸನೆ ಬರುತ್ತೆ ಅಂತ ಕಿಟಕಿ ತೆಗೆದವರೂ ಇದ್ರು. ಈಗ ಅದೇ ಡಬ್ಬಿ ಔಷಧಿ ಆಗಿದೆ. ಸಂತೋಷ. ಆದ್ರೆ ಅವತ್ತು ಅವರ ಮಾತು ನನಗೆ ಊಟ ಸೇರದ ಹಾಗೆ ಮಾಡ್ತು.

ಕಾರಣ ಮನೆಯಲ್ಲಿತ್ತು. ನನ್ನ ಮಗಳು ಪಿಯುಸಿ ಎರಡನೇ ವರ್ಷ. ಎರಡು ತಿಂಗಳಿಂದ ಬೆಳಿಗ್ಗೆ ನಿಂಬೆಹಣ್ಣು ಹಿಂಡಿದ ಜೀರಿಗೆ ನೀರು, ಸಂಜೆ ಗ್ರೀನ್ ಟೀ. ಕಾಲೇಜಿಗೆ ಕಟ್ಟಿಕೊಟ್ಟ ಡಬ್ಬಿ ಹಾಗೇ ವಾಪಸ್ ಬರ್ತಿತ್ತು. ಕೇಳಿದ್ರೆ, "ಅಮ್ಮ, ನನ್ನ ಮೆಟಬಾಲಿಸಂ ಸ್ಲೋ ಇದೆ, ಸರಿ ಮಾಡ್ಕೊತಿದೀನಿ" ಅಂತಾಳೆ. ರಾತ್ರಿ ಹನ್ನೊಂದು ಗಂಟೆಗೆ ಹೊದಿಕೆ ಒಳಗೆ ಮೊಬೈಲ್ ಬೆಳಕು ಕಾಣ್ತಿತ್ತು. ಏನು ನೋಡ್ತಾಳೆ ಅಂತ ಒಂದು ದಿನ ಇಣುಕಿದೆ. ಬಿರಿಯಾನಿ ಮಾಡೋ ರೀಲ್ಸ್. ಒಂದಾದ ಮೇಲೊಂದು.

ನಾನೇನೂ ಅವಳಿಗಿಂತ ಬುದ್ಧಿವಂತೆಯಲ್ಲ. ಎರಡು ವರ್ಷದ ಹಿಂದೆ ಪರಿಚಯದವರೊಬ್ಬರ ಮಾತು ಕೇಳಿ 2,400 ರೂಪಾಯಿ ಕೊಟ್ಟು ತೂಕ ಇಳಿಸೋ ಪುಡಿಯ ಡಬ್ಬ ತಂದಿದ್ದೆ. ಇಳಿದಿದ್ದು ಪರ್ಸಿನ ತೂಕ. ಹಾಗಾಗಿ ಮಗಳಿಗೆ ಬೈಯೋ ಮುಖ ನನಗಿರಲಿಲ್ಲ. ಬಿಎ ಓದುವಾಗ ಇತಿಹಾಸ ನನ್ನ ಇಷ್ಟದ ವಿಷಯ. ಈ ಮೆಟಬಾಲಿಸಂ ಅನ್ನೋದನ್ನ ಯಾರು ಕಂಡುಹಿಡಿದ್ರು, ಯಾರು ಅಳೆದ್ರು, ಯಾರ ಮೈ ಮೇಲೆ ಅಳೆದ್ರು ಅಂತ ಓದೋಕೆ ಕೂತೆ. ಓದಿದ್ದನ್ನ ನಿಮ್ಮ ಜೊತೆ ಹಂಚ್ಕೊತಿದೀನಿ.

ಪಠ್ಯಪುಸ್ತಕದಲ್ಲಿ ಇದಕ್ಕೆ ಚಯಾಪಚಯ ಅಂತಾರೆ. ಸುಲಭವಾಗಿ ಹೇಳಬೇಕು ಅಂದ್ರೆ ಮೈಯೊಳಗಿನ ಒಲೆ. ತಿಂದದ್ದು ಸೌದೆ. ಅದು ಉರಿದು ಬಂದ ಕಾವಿನಿಂದ ಎದೆ ಬಡಿಯುತ್ತೆ, ಉಸಿರಾಡುತ್ತೆ, ಮೈ ಬೆಚ್ಚಗಿರುತ್ತೆ, ಕೈಕಾಲು ಆಡುತ್ತೆ.

ಇದನ್ನ ಮೊದಲು ಲೆಕ್ಕ ಇಡೋಕೆ ಹೊರಟವನು ಇಟಲಿಯ ವೈದ್ಯ ಸಾಂಟೋರಿಯೋ. ತಕ್ಕಡಿಗೆ ಕುರ್ಚಿ ನೇತುಹಾಕಿ, ಅದರ ಮೇಲೆ ಕೂತು, ತಿನ್ನೋ ಮುಂಚೆ, ತಿಂದ ಮೇಲೆ, ನಿದ್ದೆ ಮಾಡಿ ಎದ್ದ ಮೇಲೆ ತನ್ನನ್ನೇ ತೂಗಿಕೊಂಡ. ವರ್ಷಗಟ್ಟಲೆ. 1614ರಲ್ಲಿ ಆ ಬಗ್ಗೆ ಪುಸ್ತಕ ಬರೆದ. ತಿಂದದ್ದರಲ್ಲಿ ಬಹುಪಾಲು ಮಲಮೂತ್ರವಾಗಿ ಹೊರಗೆ ಬರಲ್ಲ, ಕಣ್ಣಿಗೆ ಕಾಣದ ಹಾಗೆ ಮೈಯಿಂದ ಹೋಗುತ್ತೆ ಅಂತ ಅವನಿಗೆ ಗೊತ್ತಾಯ್ತು. ಎಲ್ಲಿಗೆ ಹೋಗುತ್ತೆ ಅನ್ನೋದು ಗೊತ್ತಾಗೋಕೆ ಇನ್ನೂ ನೂರೈವತ್ತು ವರ್ಷಕ್ಕಿಂತ ಜಾಸ್ತಿ ಬೇಕಾಯ್ತು.

ಫ್ರಾನ್ಸಿನ ಲವಾಸಿಯೇ ಹೆಸರು ಹೈಸ್ಕೂಲಲ್ಲಿ ಕೇಳಿರ್ತೀರಿ. ಅವನೂ ಲಾಪ್ಲಾಸೂ ಸೇರಿ 1780ರ ದಶಕದಲ್ಲಿ ಒಂದು ಗಿನಿಯಿಲಿಯನ್ನ ಮಂಜುಗಡ್ಡೆ ತುಂಬಿದ ಪಾತ್ರೆಯೊಳಗೆ ಇಟ್ಟು, ಅದರ ಮೈ ಕಾವಿಗೆ ಎಷ್ಟು ಮಂಜು ಕರಗುತ್ತೆ ಅಂತ ನೋಡಿದ್ರು. ಉಸಿರಾಟ ಅಂದ್ರೆ ನಿಧಾನಕ್ಕೆ ಉರಿಯೋ ಬೆಂಕಿ, ದೀಪ ಉರಿದ ಹಾಗೆ ಅಂತ ತೀರ್ಮಾನಕ್ಕೆ ಬಂದ್ರು. ಆಮೇಲೆ ಲವಾಸಿಯೇ ತನ್ನ ಜೊತೆಗಾರ ಸೆಗ್ಯಾಂ ಎಂಬುವನನ್ನ ಕೂರಿಸಿ, ಅವನ ಉಸಿರು ಅಳೆದ. ಊಟ ಮಾಡಿದ ಮೇಲೆ ಉರಿ ಸ್ವಲ್ಪ ಏರುತ್ತೆ, ಚಳಿಯಲ್ಲಿ ಏರುತ್ತೆ, ಮೈಮುರಿದು ಕೆಲಸ ಮಾಡಿದ್ರೆ ಬಹಳ ಏರುತ್ತೆ ಅಂತ ಕಂಡ.

ಇಲ್ಲೊಂದು ವಿಷಯ ಇದೆ. ನಮ್ಮ ಪಾಠದಲ್ಲಿ ಇದನ್ನ ಹೇಳಿರಲಿಲ್ಲ. 1789ರ ಬರಹದಲ್ಲಿ ಲವಾಸಿಯೇ ಲೆಕ್ಕದ ಮಧ್ಯೆ ನಿಂತು ಕೇಳ್ತಾನೆ: ತೋಳಿನ ಶಕ್ತಿ ಮಾರಿ ಬದುಕೋ ಬಡವನ ಮೈ ಜಾಸ್ತಿ ಸುಡುತ್ತೆ, ಅವನಿಗೆ ಜಾಸ್ತಿ ಅನ್ನ ಬೇಕು. ಕೂತು ಉಣ್ಣೋ ಸಾಹುಕಾರನಿಗೆ ಕಡಿಮೆ ಸಾಕು. ಆದ್ರೆ ಲೋಕದಲ್ಲಿ ಬೇಡದವನ ಹತ್ರ ರಾಶಿ ಬಿದ್ದಿದೆ, ಬೇಕಾದವನಿಗೆ ಇಲ್ಲ. ಇದು ಯಾವ ವಿಧಿ? ಈ ಮಾತು ಬರೆದ ಲವಾಸಿಯೇ ಸ್ವತಃ ರಾಜನ ಪರವಾಗಿ ತೆರಿಗೆ ವಸೂಲಿ ಮಾಡೋ ಕಂಪನಿಯ ಪಾಲುದಾರ. ಅದೇ ಕಾರಣಕ್ಕೆ 1794ರಲ್ಲಿ ಕ್ರಾಂತಿಕಾರಿಗಳು ಅವನ ತಲೆ ತೆಗೆದ್ರು. ಆದ್ರೂ ಅವನ ಲೆಕ್ಕ ಸರಿಯಿತ್ತು. ದುಡಿಯೋ ಮೈಗೆ ಹೆಚ್ಚು ಬೇಕು.

ಈ ಲೆಕ್ಕ ಗೊತ್ತಾಗಿ ಎಂಬತ್ತೆಂಟು ವರ್ಷ ಆದ ಮೇಲೆ, ನಮ್ಮದೇ ನೆಲದಲ್ಲಿ ಏನು ನಡೀತು ನೋಡಿ.

1876ರಿಂದ 78ರ ಬರ. ಧಾತು, ಈಶ್ವರ ಸಂವತ್ಸರಗಳಲ್ಲಿ ಬಂದದ್ದಕ್ಕೆ ಹಳಬರು ಧಾತು ಈಶ್ವರ ಬರ ಅಂತಾರೆ. ನಮ್ಮಜ್ಜಿ 'ದಾತೀಸ್ರ' ಅನ್ನೋಳು. ಅವಳೇನೂ ಕಂಡವಳಲ್ಲ, ಅವಳ ಅಜ್ಜಿ ಹೇಳಿದ್ದು. ಪಾಪಾಸುಕಳ್ಳಿ ಹಣ್ಣು ತಿಂದು ಬಾಯಿ ತುಂಬ ಮುಳ್ಳಾಗಿದ್ದು, ದಾರಿಯಲ್ಲಿ ಬಿದ್ದವರನ್ನ ಹೂಳೋರಿಲ್ಲದೇ ಹೋಗಿದ್ದು. ಹೊಲ ಇದ್ದೋರ ಮನೆಯಲ್ಲಿ ಹಗೇವು ಇರ್ತಿತ್ತು, ನೆಲದೊಳಗಿನ ರಾಗಿ ತೆಗೆದು ಅಷ್ಟು ದಿನ ತಡೆದ್ರು. ನಮ್ಮ ಕೇರಿಯಲ್ಲಿ ಹಗೇವು ಎಲ್ಲಿಂದ ಬರಬೇಕು? ಕೂಲಿ ನಿಂತ ದಿನವೇ ಒಲೆ ನಿಲ್ತಿತ್ತು.

1877ರ ಜನವರಿ 1ರಂದು ದೆಹಲಿಯಲ್ಲಿ ವೈಸ್‌ರಾಯ್ ಲಿಟ್ಟನ್ ದರ್ಬಾರು ನಡೆಸಿ ವಿಕ್ಟೋರಿಯಾ ರಾಣಿಯನ್ನ ಭಾರತದ ಚಕ್ರವರ್ತಿನಿ ಅಂತ ಸಾರಿದ. ಅದೇ ತಿಂಗಳು, ಪರಿಹಾರ ಕಾಮಗಾರಿಗೆ ಖರ್ಚು ಜಾಸ್ತಿಯಾಯ್ತು ಅಂತ ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿಯನ್ನ ದಕ್ಷಿಣಕ್ಕೆ ಕಳಿಸಿದ. ಟೆಂಪಲ್ ಬಂದು ಮದ್ರಾಸ್ ಪ್ರಾಂತ್ಯದಲ್ಲಿ ಕೂಲಿ ಕತ್ತರಿಸಿದ. ನಮ್ಮ ಬಳ್ಳಾರಿ ಆಗ ಆ ಪ್ರಾಂತ್ಯದಲ್ಲೇ ಇತ್ತು, ಬರ ಜೋರಾಗಿ ಹೊಡೆದ ಜಿಲ್ಲೆಗಳಲ್ಲೊಂದು. ಕಲ್ಲು ಒಡೆಯೋ, ಮಣ್ಣು ಹೊರೋ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಕೊಳ್ಳುವಷ್ಟು ದುಡ್ಡು, ಮೇಲೆ ಅರ್ಧ ಆಣೆ. ಅದಕ್ಕೆ ಮುಂಚೆ ಒಂದೂವರೆ ಪೌಂಡಿನ ಲೆಕ್ಕ ಇತ್ತು. ಒಂದು ಪೌಂಡು ಅಂದ್ರೆ ಸುಮಾರು 450 ಗ್ರಾಂ. ಇವತ್ತಿನ ಲೆಕ್ಕದಲ್ಲಿ ಹತ್ತಿರ ಹತ್ತಿರ 1,600 ಕ್ಯಾಲೊರಿ.

ಅಲ್ಲೇ ಒಬ್ಬ ಅಧಿಕಾರಿ ಇದನ್ನ ವಿರೋಧಿಸಿದ. ಮದ್ರಾಸಿನ ಸ್ಯಾನಿಟರಿ ಕಮಿಷನರ್, ಡಾಕ್ಟರ್ ಕಾರ್ನಿಷ್. ದುಡಿಯೋ ಮೈಗೆ ಇದು ಸಾಲಲ್ಲ, ಒಂದೂವರೆ ಪೌಂಡು ಧಾನ್ಯದ ಜೊತೆ ಬೇಳೆ, ತರಕಾರಿ ಬೇಕು ಅಂತ ಪಟ್ಟು ಹಿಡಿದ. ಕೆಲ ತಿಂಗಳಾದ ಮೇಲೆ ಮದ್ರಾಸ್ ಸರ್ಕಾರ ಕೂಲಿ ಏರಿಸಬೇಕಾಯ್ತು. ಅಷ್ಟರಲ್ಲಿ ಎಷ್ಟು ಜನ ಹೋಗಿದ್ರೋ. ಮೈಸೂರು ಸಂಸ್ಥಾನದ ಜನಗಣತಿ ನೋಡಿ: 1871ರಲ್ಲಿ ಸುಮಾರು 50 ಲಕ್ಷದ 55 ಸಾವಿರ, 1881ರಲ್ಲಿ ಸುಮಾರು 41 ಲಕ್ಷದ 86 ಸಾವಿರ. ನಾವು ಇವತ್ತು ಟಿಕೆಟ್ ತಗೊಂಡು ಓಡಾಡೋ ಬೆಂಗಳೂರು–ಮೈಸೂರು ರೈಲು ದಾರಿಗೆ ಮಣ್ಣು ಹೊತ್ತವರು ಇದೇ ಬರದ ಕೂಲಿಗಳು.

ಮುಂದೆ ಅಳತೆ ಇನ್ನೂ ನಿಖರವಾಯ್ತು. 1890ರ ದಶಕದಲ್ಲಿ ಅಮೆರಿಕದ ಆಟ್‌ವಾಟರ್ ಮನುಷ್ಯರು ದಿನಗಟ್ಟಲೆ ಇರಬಹುದಾದ ಒಂದು ಸಣ್ಣ ಕೋಣೆ ಕಟ್ಟಿಸಿ, ಒಳಗಿರೋರ ಮೈ ಕಾವನ್ನೇ ಅಳೆದ. ಪೊಟ್ಟಣಗಳ ಹಿಂದೆ ಇವತ್ತು ಅಚ್ಚಾಗೋ ಕ್ಯಾಲೊರಿ ಲೆಕ್ಕದ ಮೂಲ ಅದು. ಜರ್ಮನಿಯ ರೂಬ್ನರ್ 1902ರಲ್ಲಿ ಇನ್ನೊಂದನ್ನ ವಿವರಿಸಿದ. ತಿಂದದ್ದನ್ನ ಅರಗಿಸೋಕೂ ಮೈಗೆ ಖರ್ಚಿದೆ, ಪ್ರೋಟೀನು ಅರಗಿಸೋಕೆ ಎಲ್ಲಕ್ಕಿಂತ ಜಾಸ್ತಿ. ಪ್ರೋಟೀನಿನಲ್ಲಿರೋ ಶಕ್ತಿಯಲ್ಲಿ ನೂರಕ್ಕೆ 20ರಿಂದ 30 ಭಾಗ ಅರಗಿಸೋದ್ರಲ್ಲೇ ಹೋಗುತ್ತೆ. ಅನ್ನ, ಮುದ್ದೆಯಂಥದ್ದಕ್ಕೆ 5ರಿಂದ 10. ಎಣ್ಣೆ, ತುಪ್ಪಕ್ಕೆ ಹೆಚ್ಚಂದ್ರೆ 3.

'ಮೆಟಬಾಲಿಸಂ ಹೆಚ್ಚಿಸೋ ಆಹಾರ' ಅನ್ನೋ ಮಾತಲ್ಲಿ ಏನಾದ್ರೂ ನಿಜ ಇದ್ರೆ ಅದರ ದೊಡ್ಡ ಪಾಲು ಇದೇ. ಆದ್ರೆ ದಿನದ ಒಟ್ಟು ಖರ್ಚಿನಲ್ಲಿ ಅರಗಿಸೋ ಖರ್ಚು ಹತ್ತರಲ್ಲಿ ಒಂದು ಪಾಲು ಮಾತ್ರ. ನನ್ನ ಥರ ಕೂತು ಕೆಲಸ ಮಾಡೋರಲ್ಲಿ ಆರೇಳು ಪಾಲು ಸುಮ್ಮನೆ ಬದುಕಿರೋದಕ್ಕೇ ಹೋಗುತ್ತೆ. ಆ ಒಂದು ಪಾಲನ್ನ ಎಷ್ಟು ಎಳೆದಾಡಿದ್ರೂ ಎಷ್ಟು ಸಿಕ್ಕೀತು?

ಗ್ರೀನ್ ಟೀ ಕಥೆಯೂ ಅಷ್ಟೇ. 1999ರಲ್ಲಿ ಜಿನೀವಾದಲ್ಲಿ ಹತ್ತು ಗಂಡಸರಿಗೆ ಗ್ರೀನ್ ಟೀ ಸಾರ ಕೊಟ್ಟು ನೋಡಿದಾಗ ದಿನದ ಖರ್ಚು ನೂರಕ್ಕೆ 4ರಷ್ಟು ಏರಿತ್ತು. ಅದನ್ನೇ ಹಿಡ್ಕೊಂಡು ಲೋಕವೆಲ್ಲ ಟೀ ಮಾರಿದ್ರು. ಆಮೇಲೆ ಬಂದ ಹಲವಾರು ಅಧ್ಯಯನಗಳನ್ನ ಒಟ್ಟುಗೂಡಿಸಿ 2012ರಲ್ಲಿ ಕಾಕ್ರೇನ್ ಸಂಸ್ಥೆಯವರು ಪರಿಶೀಲಿಸಿದಾಗ, ಇಳಿದ ತೂಕ ಲೆಕ್ಕಕ್ಕೆ ಬರೋವಷ್ಟು ಇರಲಿಲ್ಲ. ಕಾಫಿಯೂ ಅಷ್ಟೇ, ಮೆಣಸಿನಕಾಯಿಯೂ ಅಷ್ಟೇ. ಸ್ವಲ್ಪ ಹೊತ್ತು ಸ್ವಲ್ಪ ಉರಿ ಏರುತ್ತೆ. ಜೊತೆಗೆ ತಿಂದ ಎರಡು ಬಿಸ್ಕತ್ತಿಗೆ ಅದು ಸರಿಹೋಗುತ್ತೆ.

ಒಲೆಯನ್ನ ನಿಜವಾಗಿ ಜೋರು ಮಾಡೋ ವಸ್ತು ಒಂದು ಸಿಕ್ಕಿತ್ತು. ಆಹಾರ ಅಲ್ಲ, ಡೈನೈಟ್ರೋಫಿನಾಲ್ ಅನ್ನೋ ರಾಸಾಯನಿಕ. ಮೊದಲನೇ ಮಹಾಯುದ್ಧದಲ್ಲಿ ಫ್ರಾನ್ಸಿನ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಅದನ್ನ ಮುಟ್ಟಿ ಕೆಲಸ ಮಾಡ್ತಿದ್ದ ಕಾರ್ಮಿಕರು ಬೆವರಿ, ಸೊರಗಿ, ಮೈ ಕಾದು ಸತ್ತಿದ್ರು. 1933ರಲ್ಲಿ ಅಮೆರಿಕದಲ್ಲಿ ಅದನ್ನೇ ತೂಕ ಇಳಿಸೋ ಔಷಧಿ ಅಂತ ಹೊರತಂದ್ರು. ಸುಮಾರು ಲಕ್ಷ ಜನ ನುಂಗಿದ್ರು. ತೂಕ ಇಳೀತು, ಕೆಲವರಿಗೆ ಕಣ್ಣಿಗೆ ಪೊರೆ ಬಂತು, ಕೆಲವರು ಮೈ ಬೆಂದು ಸತ್ತರು. 1938ರಲ್ಲಿ ಇದು ಮನುಷ್ಯರು ಸೇವಿಸೋ ವಸ್ತುವೇ ಅಲ್ಲ ಅಂತ ಅಲ್ಲಿನ ಸರ್ಕಾರ ನಿಲ್ಲಿಸ್ತು. ಇಂಟರ್ನೆಟ್ಟಿನಲ್ಲಿ ಇವತ್ತಿಗೂ ಕದ್ದು ಮಾರ್ತಾರೆ, ಇವತ್ತಿಗೂ ಸಾಯ್ತಾರೆ. 'ಫ್ಯಾಟ್ ಬರ್ನರ್' ಅಂತ ಬರೆದ ಡಬ್ಬ ಮುಟ್ಟೋ ಮುಂಚೆ ಆ ಕಾರ್ಖಾನೆ ಕೂಲಿಗಳನ್ನ ನೆನಪು ಮಾಡ್ಕೊಳ್ಳಿ.

ಇನ್ನು ನನ್ನ ನಿದ್ದೆ ಕೆಡಿಸಿದ ವಿಷಯಕ್ಕೆ ಬರ್ತೀನಿ.

ಎರಡನೇ ಮಹಾಯುದ್ಧ ಮುಗಿಯೋ ಹೊತ್ತಲ್ಲಿ, 1944ರ ಕೊನೆಯಿಂದ ಒಂದು ವರ್ಷ, ಅಮೆರಿಕದ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ ಒಂದು ಪ್ರಯೋಗ ನಡೆಸಿದ. ಯುದ್ಧಕ್ಕೆ ಹೋಗಲ್ಲ ಅಂದ 36 ಜನ ಆರೋಗ್ಯವಂತ ಯುವಕರು ತಾವಾಗೇ ಒಪ್ಪಿ ಬಂದಿದ್ರು. 24 ವಾರ ಅವರಿಗೆ ದಿನಕ್ಕೆ ಸರಾಸರಿ 1,600 ಕ್ಯಾಲೊರಿ ಹತ್ತಿರದ ಊಟ. ವಾರಕ್ಕೆ 35 ಕಿಲೋಮೀಟರ್ ನಡಿಗೆ. ಇದಕ್ಕೆ ವಿಜ್ಞಾನಿಗಳೇ ಇಟ್ಟ ಹೆಸರು ಅರೆ ಉಪವಾಸ.

ಅವರ ತೂಕ ನಾಲ್ಕರಲ್ಲಿ ಒಂದು ಪಾಲು ಇಳೀತು. ಅದರ ಜೊತೆಗೆ ಸುಮ್ಮನೆ ಮಲಗಿದ್ದಾಗ ಮೈ ಸುಡೋ ಪ್ರಮಾಣ ನೂರಕ್ಕೆ ನಲವತ್ತರ ಹತ್ತಿರ ಬಿತ್ತು. ಅಂದ್ರೆ ಸೌದೆ ಕಡಿಮೆ ಮಾಡಿದ್ರೆ ಮೈ ತಾನೇ ಒಲೆ ಸಣ್ಣ ಮಾಡ್ಕೊಳ್ಳುತ್ತೆ. ಎದೆ ಬಡಿತ ನಿಧಾನ, ಬೇಸಿಗೆಯಲ್ಲೂ ಚಳಿ, ಮೆಟ್ಟಿಲು ಹತ್ತೋಕೆ ಸುಸ್ತು, ಯಾರ ಜೊತೆಯೂ ಮಾತು ಬೇಡ. ಮತ್ತೆ ಆ ಗಂಡುಹುಡುಗರು ಅಡುಗೆ ಪುಸ್ತಕ ಕೂಡಿಟ್ಟುಕೊಂಡು ಓದ್ತಿದ್ರಂತೆ.

ಇದನ್ನ ಓದಿದ ಕೂಡಲೇ ಹೊದಿಕೆಯೊಳಗಿನ ಮೊಬೈಲ್ ಬೆಳಕು ನೆನಪಾಯ್ತು.

ಇನ್ನೊಂದು ಸಲ ಲೆಕ್ಕ ನೋಡಿ. ಮಿನೆಸೋಟದಲ್ಲಿ ವೈದ್ಯರ ಕಾವಲಲ್ಲಿ, ಮುಂಚೆ ಹೊಟ್ಟೆತುಂಬ ಉಂಡಿದ್ದ ಹುಡುಗರಿಗೆ 24 ವಾರ ಕೊಟ್ಟಿದ್ದು ಎಷ್ಟೋ, ಟೆಂಪಲ್ ಸಾಹೇಬ ಬಳ್ಳಾರಿಯಲ್ಲಿ ಆಗಲೇ ಬಡಕಲಾಗಿದ್ದವರಿಗೆ ಧಾನ್ಯದ ರೂಪದಲ್ಲಿ ಗೊತ್ತು ಮಾಡಿದ್ದೂ ಸುಮಾರು ಅಷ್ಟೇ. ಇವರು ನಡೆದದ್ದು ವಾರಕ್ಕಿಷ್ಟು ಅಂತ. ಅವರು ಬೆಳಗಿಂದ ಬೈಗಿನವರೆಗೆ ಕಲ್ಲು ಒಡೆದ್ರು.

ಈಗ ಆ ಮೇಡಂ ಮಾತಿಗೆ ಬರೋಣ. ರಾಗಿ ತಿಂದು ನಮ್ಮ ಹೆಂಗಸರು ಸಣ್ಣಗಿದ್ರಾ?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಲ್ಲಿ ನೂರು ಗ್ರಾಂ ರಾಗಿಗೆ ಸುಮಾರು 320 ಕ್ಯಾಲೊರಿ, ನೂರು ಗ್ರಾಂ ಪಾಲಿಶ್ ಅಕ್ಕಿಗೆ ಸುಮಾರು 355. ಅಂಥಾ ವ್ಯತ್ಯಾಸವೇನಿಲ್ಲ. ರಾಗಿಯಲ್ಲಿ ನಾರು 11 ಗ್ರಾಂ, ಅಕ್ಕಿಯಲ್ಲಿ 3ರ ಒಳಗೆ. ಕ್ಯಾಲ್ಸಿಯಂ ರಾಗಿಯಲ್ಲಿ 364 ಮಿಲಿಗ್ರಾಂ, ಅಕ್ಕಿಯಲ್ಲಿ 8ರ ಒಳಗೆ. ಹುರುಳಿಯಲ್ಲಿ ಪ್ರೋಟೀನ್ ಸುಮಾರು 22 ಗ್ರಾಂ. ಒಳ್ಳೇ ಆಹಾರ, ಹೊಟ್ಟೆ ಹಿಡಿದು ನಿಲ್ಲುತ್ತೆ. ಆದ್ರೆ ಕೊಬ್ಬು ಕರಗಿಸೋ ಮಾಯೆ ಅದರಲ್ಲಿಲ್ಲ. ಅರಗಿಸೋಕೆ ಹೆಚ್ಚು ಸುಡೋದು ಪ್ರೋಟೀನು ಅಂತ ಮೇಲೆ ಹೇಳಿದೆನಲ್ಲ, ಆ ಲೆಕ್ಕದಲ್ಲಿ ನಮ್ಮ ಮನೆಯ ಬಾಡಿನ ಸಾರು ಮುದ್ದೆಗಿಂತ ಮುಂದಿದೆ. ಅದರ ಬಗ್ಗೆ ಯಾರೂ ರೀಲ್ಸ್ ಮಾಡಿದ್ದು ನಾನು ನೋಡಿಲ್ಲ. ಕಚೇರಿಯಲ್ಲಿ ಆ ಡಬ್ಬಿ ಬಿಚ್ಚೋ ಧೈರ್ಯ ನನಗೂ ಇನ್ನೂ ಬಂದಿಲ್ಲ.

ನಮ್ಮವ್ವ ದಿನಕ್ಕೆ ಮೂರು ಹೊತ್ತು ಮುದ್ದೆ ಉಂಡೋಳು, ಸಿಕ್ಕ ದಿನ. ಕೋಳಿ ಕೂಗೋ ಹೊತ್ತಿಗೆ ಎದ್ದು ನೀರು ಹೊತ್ತು, ನಾಟಿಗೆ, ಕಳೆಗೆ, ಕಬ್ಬು ಕಡಿಯೋಕೆ ಹೋಗಿ, ಬರುವಾಗ ಸೌದೆ ಹೊರೆ ತರೋಳು. ನಮ್ಮ ದೇಶದ 2020ರ ಶಿಫಾರಸಿನಲ್ಲಿ ಕೂತು ಕೆಲಸ ಮಾಡೋ ಹೆಂಗಸಿಗೆ ದಿನಕ್ಕೆ 1,660 ಕ್ಯಾಲೊರಿ, ಮೈಮುರಿದು ದುಡಿಯೋಳಿಗೆ 2,720. ಮೊದಲನೇದು ನಾನು, ಎರಡನೇದು ನಮ್ಮವ್ವ. ನಡುವಿನ 1,060 ಅಂದ್ರೆ ನೂರು ಗ್ರಾಂ ಹಿಟ್ಟಿನ ಮೂರು ಮುದ್ದೆಗಿಂತ ಜಾಸ್ತಿ. ಆ ಮೂರು ಮುದ್ದೆ ಅವಳಿಗೆ ಎಷ್ಟೋ ದಿನ ಸಿಗಲಿಲ್ಲ. ಗೌಡರ ಹೊಲದಲ್ಲಿ ಕೊಟ್ಟ ಮುದ್ದೆಯನ್ನ ಅರ್ಧ ಸೆರಗಲ್ಲಿ ಕಟ್ಕೊಂಡು ನಮಗೆ ತರ್ತಿದ್ಲು. ಅವಳು ಸಣ್ಣಗಿದ್ದದ್ದು ರಾಗಿಯಿಂದಲ್ಲ ಮೇಡಂ, ಆ ಅರ್ಧದಿಂದ.

ನಾನು ದಪ್ಪ ಆಗಿದ್ದಕ್ಕೆ "ನಲವತ್ತು ದಾಟ್ತು, ಮೆಟಬಾಲಿಸಂ ಬಿತ್ತು" ಅಂತ ಸಮಾಧಾನ ಮಾಡ್ಕೊಂಡಿದ್ದೆ. ಅದೂ ಸುಳ್ಳಾಯ್ತು. 29 ದೇಶಗಳ 6,400ಕ್ಕೂ ಹೆಚ್ಚು ಜನರ ಲೆಕ್ಕ ಹಾಕಿ 2021ರಲ್ಲಿ ಬಂದ ಅಧ್ಯಯನ ಹೇಳೋ ಪ್ರಕಾರ, ಮೈಗಾತ್ರ ಪರಿಗಣಿಸಿ ನೋಡಿದ್ರೆ ಇಪ್ಪತ್ತರಿಂದ ಅರವತ್ತರವರೆಗೆ ಒಲೆಯ ಉರಿ ಹೆಚ್ಚು ಕಡಿಮೆ ಒಂದೇ ಸಮ ಇರುತ್ತೆ. ಹಾಗಾದ್ರೆ ಬದಲಾಗಿದ್ದು ನನ್ನ ಕೆಲಸ. ಕುರ್ಚಿ, ಫೈಲು, ಬಸ್ಸು. ಉಣ್ಣೋದು ಮಾತ್ರ ಅವ್ವನ ಅಳತೆಯಲ್ಲೇ. ಹಸಿವು ಕಂಡವರ ಮನೆಯಲ್ಲಿ ತಟ್ಟೆ ಖಾಲಿ ಬಿಡೋಕೆ ಮನಸ್ಸು ಬರಲ್ಲ.

ಮೈಸೂರಿನ ಮಿಷನ್ ಆಸ್ಪತ್ರೆಯನ್ನ, ಅಂದ್ರೆ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನ, ನಿಮ್ಮಲ್ಲಿ ಹಲವರು ನೋಡಿರ್ತೀರಿ. 1934ರಿಂದ 54ರ ಮಧ್ಯೆ ಅಲ್ಲಿ ಹುಟ್ಟಿದ 517 ಜನರನ್ನ ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷೆ ಮಾಡಿದ್ರು. 1996ರಲ್ಲಿ ಫಲಿತಾಂಶ ಬಂತು. ಹುಟ್ಟಿದಾಗ ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಜನಕ್ಕೆ ಹೃದಯದ ಕಾಯಿಲೆ. 3.1 ಕೆಜಿ ಅಥವಾ ಹೆಚ್ಚಿದ್ದವರಲ್ಲಿ ನೂರಕ್ಕೆ 3. ತಾಯಿಯ ಹೊಟ್ಟೆಯಲ್ಲಿ ಬೆಳೆದ ರೀತಿ ನಡುವಯಸ್ಸಿನ ಎದೆಯಲ್ಲಿ ಕಾಣಿಸಿಕೊಳ್ಳುತ್ತೆ. ನಾನು ಹುಟ್ಟಿದಾಗ ಯಾರೂ ತೂಗಲಿಲ್ಲ. ಮೊರದಲ್ಲಿ ಮಲಗಿಸಿದ್ರೆ ಮೊರ ದೊಡ್ಡದಾಗಿ ಕಾಣ್ತಿತ್ತು ಅಂತ ಅವ್ವ ಹೇಳ್ತಾಳೆ. ಇದನ್ನ ಜೀರಿಗೆ ನೀರಲ್ಲಿ ತೊಳೆಯೋಕಾಗುತ್ತಾ?

ನಾನೀಗ ಮಾಡ್ತಿರೋದು ಇಷ್ಟೇ. ಎರಡು ಸ್ಟಾಪ್ ಮುಂಚೆ ಬಸ್ ಇಳಿದು ನಡೀತೀನಿ. ಮುದ್ದೆ ಸಣ್ಣದು, ಸೊಪ್ಪು, ಕಾಳು ಜಾಸ್ತಿ. ಸಕ್ಕರೆ ಕಾಫಿ ಎರಡೇ ಲೋಟ. ಬಿಪಿ, ಶುಗರ್ ಆರು ತಿಂಗಳಿಗೊಮ್ಮೆ ತೋರಿಸ್ತೀನಿ. ನಿಧಾನ, ಬೇಜಾರು, ರೀಲ್ಸ್ ಮಾಡೋಕೆ ಲಾಯಕ್ಕಿಲ್ಲ. ಜೀರಿಗೆ ನೀರು ಇಷ್ಟ ಇದ್ರೆ ಕುಡೀರಿ, ತೊಂದರೆ ಏನಿಲ್ಲ. ಊಟದ ಬದಲು ಕುಡೀಬೇಡಿ.

ಮಗಳನ್ನ ಪಕ್ಕ ಕೂರಿಸ್ಕೊಂಡು ಮಿನೆಸೋಟದ ಹುಡುಗರ ಕಥೆ ಹೇಳಿದೆ. ಬೈಯಲಿಲ್ಲ. ಅಡುಗೆ ಪುಸ್ತಕದ ವಿಷಯ ಬಂದಾಗ ತಲೆ ತಗ್ಗಿಸಿದ್ಲು. ಆಮೇಲೆ ಧಾತು ಈಶ್ವರ ಬರದ್ದು ಹೇಳಿದೆ. "ಅಜ್ಜಿ ಕಡೆಯವರು ಆ ರೈಲಿಗೆ ಮಣ್ಣು ಹೊತ್ತಿದ್ರಾ?" ಅಂದ್ಲು. ಗೊತ್ತಿಲ್ಲ ಮಗಾ, ನಮ್ಮೋರ ಹೆಸರು ಯಾರೂ ಬರೆದಿಡಲಿಲ್ಲ ಅಂದೆ.

ಆ ಶನಿವಾರ ಅವಳನ್ನ ಡಾಕ್ಟರ ಹತ್ರ ಕರ್ಕೊಂಡು ಹೋದೆ. ರಕ್ತ ಕಡಿಮೆ ಇದೆ, ಹಿಮೋಗ್ಲೋಬಿನ್ 9 ಅಂದ್ರು. ಮಾತ್ರೆ ಬರೆದುಕೊಟ್ರು, ಹೊತ್ತು ಹೊತ್ತಿಗೆ ಊಟ ಮಾಡಬೇಕು ಅಂದ್ರು. ಸಂಜೆ ಅವ್ವನೇ ಮುದ್ದೆ ಕಟ್ಟಿದ್ಲು. "ಅರ್ಧ ಹಾಕಜ್ಜಿ" ಅಂದ್ಲು ಮಗಳು. ಅವ್ವ ಕೇಳಿಸದವಳ ಹಾಗೆ ಪೂರ್ತಿ ಹಾಕಿದ್ಲು. ಸ್ವಲ್ಪ ಬಿಟ್ಲು, ಪರವಾಗಿಲ್ಲ.

ನಿಮ್ಮ ಮನೆಯಲ್ಲೂ ಹೆಣ್ಣುಮಕ್ಕಳಿದ್ರೆ, ಕಾಲೇಜಿಂದ ವಾಪಸ್ ಬಂದ ಡಬ್ಬಿ ಒಂದ್ಸಲ ಎತ್ತಿ ನೋಡಿ.

ಜೈಭೀಮ್.